ತಾಳೆಯಾಗದ ಬೆರಳಚ್ಚು

ಅಧ್ಯಾಯ ಒಂಬತ್ತು

"ಎಷ್ಟು ಸಲ ಒತ್ತಿದೆ?" ಎಂದು ಕೇಳಿದಳು ಜರಡಿ.

ಮೈದುನ ಬಾಯಿ ಬಿಡಲಿಲ್ಲ. ಅವನು ಒರಗಿ ಕೂತಿದ್ದದ್ದು ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ, ಬಾಯಿ ಬಿಡಿಸುವುದಕ್ಕೆಂದೇ ಮಾಡಿದ ಕುರ್ಚಿ. ಡಾಕ್ಟರು ಕ್ಲಿನಿಕ್ ಖಾಲಿ ಮಾಡಿ ಆರು ವರ್ಷವಾಗಿತ್ತು. ಜಪ್ಪಯ್ಯ ಅಂದರೂ ಆ ಕುರ್ಚಿ ನೆಲ ಬಿಟ್ಟು ಏಳದ್ದರಿಂದ ಅದನ್ನು ಅಲ್ಲೇ ಬಿಟ್ಟು ಹೋಗಿದ್ದರು. ಈಗ ಆ ಕೋಣೆಯಲ್ಲಿ ಎರಡು ಕಂಪ್ಯೂಟರು, ಒಂದು ಫ್ಯಾನು, ನೆಲದ ತುಂಬ ವೈರು.

"ಕೇಳಿದ್ದು ಕಿವಿಗೆ ಬಿತ್ತೋ ಇಲ್ವೋ?"

"ಏನು ಒತ್ತಿದ್ದು ಅತ್ತಿಗೆ?"

"ನನ್ನ ಹತ್ರ ಈ ಆಟ ಬೇಡ ಕಣಪ್ಪ. ನೀನು ಆ ಸಾಲು ಕಳಿಸಿದ್ದು ಹತ್ತು ಗಂಟೆ ಐದು ನಿಮಿಷಕ್ಕೆ. ಹಸಿರು ಬಂದದ್ದು ಹತ್ತು ಐವತ್ತಾರಕ್ಕೆ. ಹಳೇ ಯಂತ್ರ ಒಂದು ಸುತ್ತು ಪರೀಕ್ಷೆ ಮುಗಿಸೋಕೆ ಹದಿನೇಳು ನಿಮಿಷ ತಗೊಳುತ್ತೆ. ಉಳಿದ ಮೂವತ್ತನಾಲ್ಕು ನಿಮಿಷ ಅದೇನು ನಿದ್ದೆ ಹೊಡೀತಿತ್ತಾ?"

ಮೈದುನ ನಲವತ್ತೆರಡರ ಗಟ್ಟಿ ಆಸಾಮಿ, ಆಸ್ಪತ್ರೆಯ ಯಂತ್ರಗಳನ್ನು ರಿಪೇರಿ ಮಾಡುವ ಮೆಕ್ಯಾನಿಕ್ಕು. ಮೂರು ವಾರದಲ್ಲಿ ಅಂಗಿ ಎರಡು ಅಳತೆ ದೊಡ್ಡದಾದ ಹಾಗೆ ಕಾಣುತ್ತಿತ್ತು.

ಮೂರು ವಾರದ ಹಿಂದೆ ಒಂದು ಆಸ್ಪತ್ರೆಯಲ್ಲಿ ಔಷಧಿ ಹನಿಸುವ ಪಂಪು, ನಾಲ್ಕು ಗಂಟೆಯಲ್ಲಿ ಇಳಿಸಬೇಕಾದದ್ದನ್ನು ನಲವತ್ತು ನಿಮಿಷದಲ್ಲಿ ಒಬ್ಬ ನಿವೃತ್ತ ಬಸ್ ಕಂಡಕ್ಟರ ಮೈಯೊಳಗೆ ಇಳಿಸಿಬಿಟ್ಟಿತ್ತು. ಆತ ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಆ ಪಂಪನ್ನು ನಡೆಸುವ ತಂತ್ರಾಂಶ ಯಾವ ಕಂಪನಿಯ ಸೊತ್ತೂ ಅಲ್ಲ. ಹನ್ನೊಂದು ಜನ ಸಂಬಳವಿಲ್ಲದೆ ಬರೆದು, ಯಾರು ಬೇಕಾದರೂ ಓದಲಿ, ತಿದ್ದಲಿ ಎಂದು ತೆರೆದಿಟ್ಟದ್ದು. ನಲವತ್ತು ಸಣ್ಣ ಆಸ್ಪತ್ರೆಗಳು ಅದನ್ನೇ ನಂಬಿಕೊಂಡಿದ್ದವು. ಹೊಸ ಆವೃತ್ತಿಯ ಬಿಡುಗಡೆಗೆ ಎರಡು ದಿನ ಮುಂಚೆ ಅದರಲ್ಲಿ ಔಷಧಿಯ ವೇಗ ಲೆಕ್ಕ ಹಾಕುವ ಸಾಲನ್ನು ತಿದ್ದಿದವನು ಮೈದುನ.

ಇವತ್ತು ಮೂರು ಗಂಟೆಗೆ ಇದೇ ಕಟ್ಟಡದ ಮೂರನೇ ಮಹಡಿಯಲ್ಲಿ, ತಂತ್ರಾಂಶ ನೋಡಿಕೊಳ್ಳುವ ಸಮಿತಿಯ ಸಭೆ. ಈ ಅನಾಹುತಕ್ಕೆ ಇವನೊಬ್ಬನೇ ಹೊಣೆ ಎಂದು ಬರೆದು ಪೊಲೀಸರಿಗೆ ಕೊಡಲು ಕಾಗದ ಸಿದ್ಧವಾಗಿತ್ತು. ಈಗ ಗಂಟೆ ಎರಡು.

"ಎರಡು ಸಲ," ಎಂದ ಮೈದುನ ಕೊನೆಗೂ. "ಎರಡು ಸಲ ಕೆಂಪು ಬಂತು. ಮೂರನೇ ಸಲ ಹಸಿರಾಯ್ತು."

"ಕೆಂಪು ಯಾಕೆ ಬಂತು ಅಂತ ಓದಿದ್ಯಾ?"

"ಇಲ್ಲ ಅತ್ತಿಗೆ. ಯಾರೂ ಓದಲ್ಲ. ಎಲ್ಲರೂ ಮತ್ತೊಂದು ಸಲ ಒತ್ತೋರೇ."

ಅದು ಸುಳ್ಳಲ್ಲ. ಆ ಹನ್ನೊಂದು ಜನರ ನಡುವೆ ಬೆಳೆದು ಬಂದ ರೂಢಿ ಅದು. ಯಾರಾದರೂ ಒಂದು ಸಾಲು ಕಳಿಸಿದರೆ ಹಳೆಯ ಯಂತ್ರ ತಂತ್ರಾಂಶವನ್ನೆಲ್ಲ ಕಟ್ಟಿ, ಓಡಿಸಿ, ಪರೀಕ್ಷಿಸಿ, ಸರಿಯಿದ್ದರೆ ಹಸಿರು ದೀಪ, ತಪ್ಪಿದ್ದರೆ ಕೆಂಪು ದೀಪ ತೋರಿಸುತ್ತಿತ್ತು. ಅದಕ್ಕೆ ವಯಸ್ಸಾಗಿತ್ತು, ಸುಮ್ಮಸುಮ್ಮನೆ ಸಿಡುಕುತ್ತಿತ್ತು. ಹಾಗಾಗಿ ಕೆಂಪು ಕಂಡರೆ ಕಾರಣ ಹುಡುಕುವ ಗೋಜಿಗೆ ಯಾರೂ ಹೋಗುತ್ತಿರಲಿಲ್ಲ. ಮತ್ತೆ ಒತ್ತು, ಅಷ್ಟೇ. ಹಸಿರು ಬಂದೊಡನೆ ಹಿಂದಿನ ಕೆಂಪಿನ ದಾಖಲೆ ತಾನಾಗಿ ಅಳಿಸಿಹೋಗುತ್ತಿತ್ತು. ಎಲ್ಲರಿಗೂ ಅನುಕೂಲ.

ಬೆಂಕಿ ಬಿದ್ದ ಮನೆಯಲ್ಲಿ ಗಂಟೆ ಬಡಿದರೆ ಗಂಟೆಯ ಬಾಯಿಗೆ ಬಟ್ಟೆ ತುರುಕುವ ಜಾತಿ ಇದು ಎಂದು ಜರಡಿಗೆ ಮೈಯೆಲ್ಲ ಉರಿಯಿತು.

"ಇದನ್ನ ಮೂರು ವಾರ ಹೊಟ್ಟೆಯಲ್ಲಿಟ್ಟುಕೊಂಡು ಕೂತಿದ್ದೀಯಲ್ಲ."

"ಹೇಳಿದ್ರೆ ಮುಗೀತಲ್ಲ ಅತ್ತಿಗೆ. ಕೆಂಪು ಬಂದಿದ್ದು ಗೊತ್ತಿದ್ದೂ ಕಳಿಸಿದ ಅಂತಾರೆ." ಅವನ ದನಿ ಒಡೆಯಿತು. "ಆ ಮನುಷ್ಯನಿಗೆ ಹೀಗಾಗಿದ್ದು ನನ್ನಿಂದಲೇ. ನಾನು ಒಪ್ಕೊಂಡುಬಿಡ್ತೀನಿ."

"ಒಪ್ಪಿಕೊಳ್ಳೋಕೆ ನಿನ್ನನ್ನ ಯಾರು ಕೇಳಿದ್ರು? ಸುಮ್ಮನೆ ಕೂತ್ಕೋ."

ಜರಡಿಗೆ ನಲವತ್ತೊಂಬತ್ತು. ಬಟ್ಟೆ ಗಿರಣಿಯಲ್ಲಿ ಹದಿನೆಂಟು ವರ್ಷ ದೀಪದ ಮೇಜಿನ ಮೇಲೆ ಹರಿದು ಬರುವ ಬಟ್ಟೆಯಲ್ಲಿ ತಪ್ಪಿದ ಎಳೆಯನ್ನು ಹುಡುಕಿ ಸೀಮೆಸುಣ್ಣದ ಗುರುತು ಹಾಕಿದವಳು. ಗಿರಣಿ ಮುಚ್ಚಿದ ಮೇಲೆ ಮೇಷ್ಟ್ರ ಸಂಜೆ ಕ್ಲಾಸಿಗೆ ಸೇರಿ ಕಂಪ್ಯೂಟರು ಕಲಿತಳು. ಬಟ್ಟೆಯಲ್ಲಿ ಎಳೆ ಹುಡುಕಿದವಳು ಕೋಡಿನಲ್ಲಿ ಹುಡುಕತೊಡಗಿದಳು. ಜರಡಿ ಎಂದು ಹೆಸರಿಟ್ಟವರೂ ಮೇಷ್ಟ್ರೇ. ಅವರು ಈ ತಂತ್ರಾಂಶವನ್ನು ಮೊದಲು ಬರೆದವರು, ಸಮಿತಿಯ ಅಧ್ಯಕ್ಷರು.

ಮೂರು ವಾರದಿಂದ ಅವಳು ಹೊಸ ಯಂತ್ರ ಕೂಡಿಸುತ್ತಿದ್ದಳು. ಯಾರು ಏನು ತಿದ್ದಿದರೂ ಇದು ತಾನಾಗಿಯೇ ಎದ್ದು ಕೋಡನ್ನು ಸಾಲು ಸಾಲಾಗಿ ಓದಿ ಅನುಮಾನದ ಜಾಗಕ್ಕೆ ಗುರುತು ಹಾಕುತ್ತದೆ, ಆಮೇಲೆ ಕಟ್ಟುತ್ತದೆ, ಪರೀಕ್ಷಿಸುತ್ತದೆ. ಕೆಂಪನ್ನು ಅಳಿಸುವ ಗುಂಡಿ ಇದಕ್ಕಿಲ್ಲ. ಮಾಡಿದ್ದನ್ನೆಲ್ಲ ಹತ್ತು ನಿಮಿಷದೊಳಗೆ ಸಾರ್ವಜನಿಕ ಪುಟದಲ್ಲಿ ಹಾಕಿಬಿಡುತ್ತದೆ. ಪ್ರಕಟಿಸುವ ಭಾಗವನ್ನು ಮಾತ್ರ ಅವಳಿನ್ನೂ ಶುರು ಮಾಡಿರಲಿಲ್ಲ. ಒಮ್ಮೆ ಶುರು ಮಾಡಿದರೆ ಕೀಲಿಮಣೆಯಿಂದ ಅವಳೂ ನಿಲ್ಲಿಸುವ ಹಾಗಿಲ್ಲ, ಬೇಕೆಂದೇ ಹಾಗೆ ಮಾಡಿದ್ದಳು.

"ಇಲ್ಲಿ ನೋಡು," ಎಂದು ಪರದೆಯನ್ನು ಮೈದುನನ ಕಡೆ ತಿರುಗಿಸಿದಳು. "ನೀನು ಕಳಿಸಿದ ಅದೇ ಕೋಡನ್ನ ಬೆಳಿಗ್ಗೆ ಒಂಬತ್ತರಿಂದ ಇನ್ನೂರು ಸಲ ಓಡಿಸಿದ್ದೀನಿ. ಹಳೇ ಯಂತ್ರದ ಹಾಗೇ ಏದುಸಿರು ಬಿಡಲಿ ಅಂತ ಇದರ ಬೆನ್ನಿಗೆ ಬೇರೆ ಕೆಲಸಾನೂ ಹೊರಿಸಿದ್ದೆ. ಇನ್ನೂರರಲ್ಲಿ ಮೂವತ್ತೊಂದು ಸಲ ಕೆಂಪು."

ಮೈದುನ ಕಣ್ಣು ಮುಚ್ಚಿಕೊಂಡ.

"ಕಣ್ಣು ಬಿಡು ಮಾರಾಯ. ಮೂವತ್ತೊಂದು ಸಲವೂ ಗಂಟೆ ಬಾರಿಸೋ ಪರೀಕ್ಷೆಯಲ್ಲಿ ಬಿದ್ದಿದ್ದು. ಔಷಧಿ ಮುಗಿದ ಮೇಲೆ ಎರಡು ಸೆಕೆಂಡಿನೊಳಗೆ ಪಂಪು ಗಂಟೆ ಬಾರಿಸಬೇಕು ಅಂತ ಇದೆಯಲ್ಲ, ಅದು. ಯಂತ್ರ ಸುಸ್ತಾಗಿದ್ರೆ ಕೂದಲೆಳೆ ತಡ ಆಗುತ್ತೆ, ಕೆಂಪು ತೋರಿಸುತ್ತೆ. ಔಷಧಿ ಇಳಿಸೋ ಪರೀಕ್ಷೆ ಎಷ್ಟು ಸಲ ಬಿದ್ದಿದೆ ಹೇಳು."

"ಎಷ್ಟು?"

"ಒಂದು ಸಲಾನೂ ಇಲ್ಲ. ನೀನು ಶುದ್ಧ ಸೋಮಾರಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಮನುಷ್ಯನ ಮೈಗೆ ಅಷ್ಟು ಔಷಧಿ ಸುರಿದಿದ್ದು ನಿನ್ನ ಸಾಲಲ್ಲ."

ಮೈದುನ ಮುಖವನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡು ಅತ್ತುಬಿಟ್ಟ. ಜರಡಿ ಅವನ ಕಡೆ ನೋಡದೆ ಫ್ಯಾನನ್ನು ಅವನತ್ತ ತಿರುಗಿಸಿದಳು. ಅತ್ತಿಗೆ ಮೈದುನರ ನಡುವೆ ಇಪ್ಪತ್ತು ವರ್ಷ ನಡೆದದ್ದು ಬರೀ ಜಗಳ. ಅವನ ಕಣ್ಣೀರಿಗೆ ಏನು ಮಾಡಬೇಕೆಂದು ಅವಳಿಗೆ ಗೊತ್ತಿರಲಿಲ್ಲ.

"ಹಾಗಾದ್ರೆ ಪಂಪು ಯಾಕೆ ಹಾಗೆ ಸುರೀತು?" ಎಂದ ಅವನು ಮೂಗೊರೆಸಿಕೊಂಡು.

"ಅದೇ ಈಗ ಪ್ರಶ್ನೆ."

ಅವಳು ಒಂದು ಚೀಟಿ ತೆಗೆದಳು. ಎರಡು ಅಂಕಿ ಬರೆದಿದ್ದಳು, 7731 ಮತ್ತು 0458.

ಕೋಡು ಎಂದರೆ ಗೋಡೆಗೆ ಅಂಟಿಸಿದ ಅಡಿಗೆಯ ವಿವರವಿದ್ದಂತೆ, ಯಾರು ಬೇಕಾದರೂ ಓದಬಹುದು. ಪಂಪಿನೊಳಗೆ ಹೋಗುವುದು ಮಾತ್ರ ಅದನ್ನು ನೋಡಿ ಯಾರೋ ಒಬ್ಬರು ಅಡಿಗೆಮನೆಯಲ್ಲಿ ಕಟ್ಟಿ ತಂದ ಫೈಲು. ಪ್ರತಿ ಫೈಲಿಗೂ ಒಂದು ಉದ್ದನೆಯ ಬೆರಳಚ್ಚು ಇರುತ್ತದೆ. ಒಳಗೆ ಒಂದೇ ಒಂದು ಅಕ್ಷರ ಬೇರೆಯಾದರೂ ಬೆರಳಚ್ಚು ಪೂರ್ತಿ ಬೇರೆ. ಅದೇ ವಿವರ, ಅದೇ ಸಾಮಾನು ಇಟ್ಟುಕೊಂಡು ಯಾರು ಕಟ್ಟಿದರೂ ಒಂದೇ ಬೆರಳಚ್ಚು ಬರಬೇಕು.

"ನಾನು ಇವತ್ತು ಕಟ್ಟಿದ್ದರ ಕೊನೆ ನಾಲ್ಕು ಅಂಕಿ 7731. ಆಸ್ಪತ್ರೆಯವರು ಪಂಪಿನಿಂದ ಇಳಿಸಿ ಕೊಟ್ಟ ಫೈಲಿನದು 0458. ಕೋಡು ಅದೇ. ಆದರೆ ಪಂಪಿನಲ್ಲಿದ್ದ ಫೈಲು ನನ್ನದಕ್ಕಿಂತ ಒಂದಷ್ಟು ದಪ್ಪ. ಕೋಡಲ್ಲಿ ಇಲ್ಲದ್ದು ಏನೋ ಅದರೊಳಗೆ ಕೂತಿದೆ."

ಮೈದುನ ಕುರ್ಚಿಯಿಂದ ಎದ್ದು ನಿಂತ. "ಬಿಡುಗಡೆ ಫೈಲು ಕಟ್ಟೋರು ಒಬ್ಬರೇ ಅಲ್ವಾ ಅತ್ತಿಗೆ."

"ಹೂಂ. ಮುದ್ರೆಯವರು."

ಪಕ್ಕದ ಕನ್ನಡಕದ ಅಂಗಡಿಯ ಯಜಮಾನರೇ ಮುದ್ರೆಯವರು. ಎಂಟು ವರ್ಷದಿಂದ ಪ್ರತಿ ಬಿಡುಗಡೆಯನ್ನೂ ತಮ್ಮ ಲ್ಯಾಪ್‌ಟಾಪಿನಲ್ಲಿ ಕಟ್ಟಿ, ಇದು ಅಸಲಿ ಎಂದು ಗುಟ್ಟಿನ ಕೀಲಿಯಿಂದ ಮುದ್ರೆ ಒತ್ತುವವರು ಅವರೇ.

ಜರಡಿ ಕೀಲಿಮಣೆ ಹತ್ತಿರ ಎಳೆದುಕೊಂಡಳು. ಬೆಳಿಗ್ಗೆಯೇ ಮೇಷ್ಟ್ರಿಂದ ಮೆಸೇಜು ಬಂದಿತ್ತು. ಸಭೆ ಮುಗಿಯುವ ತನಕ ಏನನ್ನೂ ಪ್ರಕಟಿಸಬೇಡ, ಯಂತ್ರ ನಿಲ್ಲಿಸು, ಇದು ಸಮಿತಿಯ ಆದೇಶ. ಅವಳು ಅದನ್ನು ಎರಡು ಸಲ ಓದಿ ಫೋನನ್ನು ಬೋರಲು ಹಾಕಿಟ್ಟಿದ್ದಳು.

"ಎಲ್ಲಾ ಹಾಕ್ತೀರಾ?" ಎಂದ ಮೈದುನ. "ನಾನು ಎರಡು ಸಲ ಒತ್ತಿದ್ದೂ?"

"ಅದೂ."

"ಅದೊಂದು ಬಿಟ್ಟುಬಿಡಿ ಅತ್ತಿಗೆ. ಹೇಗೂ ನನ್ನ ತಪ್ಪಲ್ಲ ಅಂತ ಆಯ್ತಲ್ಲ. ಯಾರಿಗೂ ಗೊತ್ತಿಲ್ಲ, ದಾಖಲೆನೂ ಇಲ್ಲ."

"ಈಗ ನನಗೆ ಗೊತ್ತಲ್ಲ. ನಿನ್ನ ಕೆಂಪನ್ನ ನಾನು ಮುಚ್ಚಿಟ್ರೆ ನಾನು ತೋರಿಸೋ ಹಸಿರನ್ನ ಯಾರಪ್ಪ ನಂಬ್ತಾರೆ?"

ಅವನಿಗೆ ಅದು ಹಿಡಿಸಲಿಲ್ಲ, ಮುಖ ಊದಿಸಿಕೊಂಡ. ಆದರೆ ಎದುರಾಡಲಿಲ್ಲ. ಜರಡಿ ಗುಂಡಿ ಒತ್ತಿದಳು. ಇನ್ನೂರು ಓಟದ ದಾಖಲೆ, ಮೈದುನನ ಎರಡು ಕೆಂಪು, ತಾಳೆಯಾಗದ ಎರಡು ಬೆರಳಚ್ಚು, ಎಲ್ಲವೂ ಲೋಕದ ಕಣ್ಣಿಗೆ ಬಿದ್ದವು.

ಎರಡು ಗಂಟೆ ಹದಿನೈದಕ್ಕೆ ಪ್ರಕಟವಾಯಿತು. ಎರಡು ಗಂಟೆ ಇಪ್ಪತ್ತಕ್ಕೆ ಬಾಗಿಲು ಬಡಿದುಕೊಂಡಿತು.

ಮುದ್ರೆಯವರ ಮೂಗಿನ ಮೇಲೊಂದು ಕನ್ನಡಕ, ಹಣೆಯ ಮೇಲೊಂದು ಕನ್ನಡಕ, ಕಂಕುಳಲ್ಲಿ ಲ್ಯಾಪ್‌ಟಾಪು. ಗಿರಾಕಿಯನ್ನು ಅರ್ಧ ಕಣ್ಣು ಪರೀಕ್ಷೆಯಲ್ಲೇ ಬಿಟ್ಟು ಓಡಿಬಂದಿದ್ದರು.

"ಜರಡಿ ಮೇಡಂ, ಏನಿದು? ನನ್ನ ಮರ್ಯಾದೆ ತೆಗೀಬೇಕು ಅಂತಲೇ ಕೂತಿದೀರಾ?"

"ಮರ್ಯಾದೆ ವಿಷಯ ನಾನು ಬರೆದೇ ಇಲ್ಲ ಸಾರ್. ಎರಡು ಅಂಕಿ ಬರೆದಿದ್ದೀನಿ."

"ಆ ಅಂಕಿ ಓದಿದವರು ಏನಂದ್ಕೋತಾರೆ? ಫೈಲಿಗೆ ವಿಷ ಬೆರೆಸಿದ್ದು ನಾನೇ ಅಂತ ತಾನೇ?"

"ನೀವು ಬೆರೆಸಿದ್ರಾ?"

ಮುದ್ರೆಯವರ ಮುಖ ಕೆಂಪಗಾಯಿತು. "ಎಂಟು ವರ್ಷ. ಒಂದೇ ಒಂದು ಬಿಡುಗಡೆ ತಪ್ಪಿಸಿಲ್ಲ. ಮಗಳ ಮದುವೆ ದಿನಾನೂ ಛತ್ರದ ಸ್ಟೋರ್ ರೂಮಲ್ಲಿ ಕೂತು ಕಟ್ಟಿದ್ದೀನಿ. ನನ್ನ ಹೆಂಡತಿ ಅದನ್ನ ಇವತ್ತಿಗೂ ಹೇಳಿ ಚುಚ್ತಾಳೆ. ಮೈದುನನ್ನ ಉಳಿಸ್ಕೊಳ್ಳೋಕೆ ನನ್ನ ತಲೆ ಮೇಲೆ ಗೂಬೆ ಕೂರಿಸ್ತೀರಾ?"

"ಮೈದುನನ ಎರಡು ಕೆಂಪನ್ನೂ ನಾನೇ ಹಾಕಿದ್ದೀನಲ್ಲ, ಓದಲಿಲ್ವಾ?"

ಅವರು ಓದಿದ್ದರು. ಮೈದುನ ಗೋಡೆ ನೋಡುತ್ತಾ ನಿಂತ.

"ನಿಮ್ಮ ಯಂತ್ರ ಹೊಸದು," ಎಂದರು ಮುದ್ರೆಯವರು. "ಏನೋ ಎಡವಟ್ಟು ಮಾಡಿರುತ್ತೆ. ಸಮಿತಿ ಹೇಳಿದೆ, ನಿಲ್ಲಿಸಿ ಅದನ್ನ."

"ಯಂತ್ರ ತಪ್ಪಾಗಿದ್ರೆ ತೋರಿಸಿಕೊಡಿ. ಕಂಕುಳಲ್ಲಿ ಲ್ಯಾಪ್‌ಟಾಪ್ ಇದೆಯಲ್ಲ. ಇಲ್ಲೇ ಕೂತು, ನನ್ನ ಕಣ್ಣೆದುರಿಗೆ, ನೀವು ಯಾವಾಗಲೂ ಕಟ್ಟೋ ಹಾಗೇ ಕಟ್ಟಿ. 7731 ಬಂದರೆ ಪಂಪಿಗೆ ಹೋದ ಫೈಲನ್ನ ನೀವು ಬೇರೆ ಥರ ಕಟ್ಟಿದ್ರಿ ಅಂತಾಯ್ತು. 0458 ಬಂದರೆ..."

"ಬಂದರೆ?"

"ಬರಲಿ, ಆಮೇಲೆ ನೋಡೋಣ. ಭಯ ಆಗ್ತಿದ್ರೆ ಬೇಡ ಬಿಡಿ."

ಅವಳಿಗೆ ಗೊತ್ತಿತ್ತು, ಆ ಮಾತು ಕೇಳಿ ಮುದ್ರೆಯವರು ಸುಮ್ಮನೆ ಹೋಗುವ ಪೈಕಿ ಅಲ್ಲ ಎಂದು. ಅವರು ಜಾಗ ಹುಡುಕಿ, ಬೇರೆ ಗತಿಯಿಲ್ಲದೆ ಹಲ್ಲಿನ ಡಾಕ್ಟರ ಕುರ್ಚಿಯಲ್ಲೇ ಕೂತು ಲ್ಯಾಪ್‌ಟಾಪು ತೆರೆದರು.

"ಮೊದಲು ಡಬ್ಬಿ ಇಳಿಸ್ಕೋಬೇಕು," ಎಂದು ಗೊಣಗಿದರು. ಡಬ್ಬಿ ಎಂದರೆ ಕೋಡನ್ನು ಪಂಪಿನ ಫೈಲಾಗಿಸಲು ಬೇಕಾದ ಸಲಕರಣೆಗಳನ್ನೆಲ್ಲ ಒಂದೇ ಕಡೆ ತುಂಬಿಟ್ಟದ್ದು. ತಂಡದ ಪುಟದಲ್ಲಿ ಎಲ್ಲರಿಗೂ ಸಿಗುತ್ತಿತ್ತು. ಅದು ಇಳಿಯಿತು. ಕಟ್ಟುವ ಕೆಲಸ ಶುರುವಾಯಿತು. ಇಪ್ಪತ್ತು ನಿಮಿಷ ಮೂವರೂ ಸಾಲುಗಳು ಮೇಲೇರುವುದನ್ನು ನೋಡುತ್ತಾ ಕೂತರು. ಮೇಲಿನ ಮಹಡಿಯಲ್ಲಿ ಕುರ್ಚಿ ಎಳೆಯುವ ಸದ್ದು ಕೇಳತೊಡಗಿತು, ಸಮಿತಿಯವರು ಒಬ್ಬೊಬ್ಬರಾಗಿ ಬರುತ್ತಿದ್ದರು.

ಕೊನೆಯ ಸಾಲು ಬಂತು. ಮುದ್ರೆಯವರು ಮೂಗಿನ ಕನ್ನಡಕ ತೆಗೆದು ಹಣೆಯದನ್ನು ಇಳಿಸಿಕೊಂಡರು. ಬೆರಳಚ್ಚಿನ ಕೊನೆಯ ನಾಲ್ಕು ಅಂಕಿ 0458.

ಅವರು ಪರದೆಯನ್ನು ಜರಡಿಯ ಕಡೆ ತಿರುಗಿಸಿದರು. "ನೀವೇ ನೋಡಿದ್ರಲ್ಲಮ್ಮ," ಎಂದರು ಸಣ್ಣ ದನಿಯಲ್ಲಿ. "ನಾನೇನೂ ಬೆರೆಸಲಿಲ್ಲ. ಕೈಯೇ ಹಾಕಲಿಲ್ಲ."

"ನೋಡಿದೆ ಸಾರ್," ಎಂದಳು ಜರಡಿ. ಬೆಳಿಗ್ಗೆಯಿಂದ ಈ ಮನುಷ್ಯನನ್ನು ಕಟಕಟೆಯಲ್ಲಿ ನಿಲ್ಲಿಸಿದ್ದಕ್ಕೆ ಅವಳಿಗೆ ನಾಚಿಕೆಯಾಯಿತು. "ತಪ್ಪಾಯ್ತು. ನಿಮ್ಮನ್ನ ಅನುಮಾನಿಸಿದೆ."

"ಕೋಡು ಒಂದೇ. ಹಾಗಿದ್ರೆ ನಿಮಗೂ ಇವರಿಗೂ ಬೇರೆ ಆಗಿದ್ದೇನು?" ಎಂದು ಕೇಳಿದ ಮೈದುನ.

ಜರಡಿಗೆ ಉತ್ತರ ಆಗಲೇ ಹೊಳೆದಿತ್ತು. ಬೇರೆಯವರು ಕಟ್ಟಿಟ್ಟದ್ದನ್ನು ನಂಬಿ ಕೂತರೆ ಪರೀಕ್ಷೆ ಹೇಗಾದೀತು ಎಂದು ಅವಳು ಹೊಸ ಯಂತ್ರಕ್ಕೆ ಡಬ್ಬಿಯನ್ನು ಪುಟದಿಂದ ಇಳಿಸಿಕೊಂಡಿರಲಿಲ್ಲ. ಒಂದೊಂದೇ ಸಲಕರಣೆಯನ್ನು ಅದರ ಮೂಲದಿಂದ ತಂದು ತಾನೇ ತುಂಬಿಕೊಂಡಿದ್ದಳು.

"ಡಬ್ಬಿ," ಎಂದಳು. "ಹುಳುಕು ಕೋಡಲ್ಲೂ ಇಲ್ಲ, ಮುದ್ರೆಯವರ ಲ್ಯಾಪ್‌ಟಾಪಲ್ಲೂ ಇಲ್ಲ. ಪುಟದಲ್ಲಿರೋ ಡಬ್ಬಿಯಲ್ಲಿದೆ. ಪಂಪಿಗೆ ಅಂತ ಕಟ್ಟುವಾಗ ಮಾತ್ರ ಅದು ತನ್ನದೊಂದಿಷ್ಟು ಸೇರಿಸುತ್ತೆ. ನಮ್ಮ ಪರೀಕ್ಷೆಯೆಲ್ಲ ನಡೆಯೋದು ಕಂಪ್ಯೂಟರಿನಲ್ಲಿ, ಅದಕ್ಕೇ ಯಾವತ್ತೂ ಸಿಕ್ಕಿಲ್ಲ."

ಕೋಡನ್ನು ಎಲ್ಲರೂ ನೂರು ಸಲ ಸೋಸುತ್ತಾರೆ. ಅದನ್ನು ಕಟ್ಟುವ ಡಬ್ಬಿಯೊಳಗೆ ಇಣುಕಿದವರು ಒಬ್ಬರೂ ಇಲ್ಲ.

ಅವಳು ಪುಟದಲ್ಲಿದ್ದ ಡಬ್ಬಿಯನ್ನು ಹೊಸ ಯಂತ್ರಕ್ಕೆ ಕೊಟ್ಟು ಕಟ್ಟಲು ಹೇಳಿದಳು. ಇದು ಮುದ್ರೆಯವರ ಲ್ಯಾಪ್‌ಟಾಪಿನ ಹಾಗಲ್ಲ, ಒಂದೂವರೆ ನಿಮಿಷದಲ್ಲಿ ಕಟ್ಟಿ ಬಿಸಾಕಿತು. 0458. ಅದರ ಕೆಳಗೆ ವರದಿ ತಾನಾಗಿ ಬೆಳೆಯತೊಡಗಿತು. ಯಾವ ಕೋಡು, ಯಾವ ಡಬ್ಬಿ, ಡಬ್ಬಿಯ ಯಾವ ಭಾಗವನ್ನು ಯಾರು, ಯಾವತ್ತು, ಎಷ್ಟು ಗಂಟೆಗೆ ಹಾಕಿದರು. ಪಂಪಿಗೆ ಸಂಬಂಧಪಟ್ಟ ಭಾಗ ಒಂದೇ ಇತ್ತು. ಏಳು ತಿಂಗಳ ಹಿಂದೆ, ಬೆಳಿಗ್ಗೆ ಹನ್ನೊಂದಕ್ಕೆ, ಇದೇ ಕೋಣೆಯಿಂದ ಹಾಕಿದ್ದು.

ಹಾಕಿದವರ ಹೆಸರು ಇರಬೇಕಾದ ಕಡೆ ಜರಡಿ ಎಂದಿತ್ತು.

ಮೈದುನ ಅದನ್ನು ಓದಿ ಅತ್ತಿಗೆಯ ಕಡೆ ತಿರುಗಿದ.

"ಯಾರೋ ನಿಮ್ಮ ಪಾಸ್‌ವರ್ಡ್ ಕದ್ದಿರಬೇಕು," ಎಂದರು ಮುದ್ರೆಯವರು.

ಜರಡಿ ಹೂಂ ಅನ್ನಬಹುದಿತ್ತು. ಆಸ್ಪತ್ರೆಯ ಹಾಸಿಗೆಯಲ್ಲಿ ಕಣ್ಣು ಮುಚ್ಚಿ ಮಲಗಿದ ಮನುಷ್ಯನ ಮುಖ ಎದುರಿಗೆ ಬಂತು. ಒಂದು ಸಲ ಹೋಗಿ ನೋಡಿಕೊಂಡು ಬಂದಿದ್ದಳು, ಆತನ ಹೆಂಡತಿಯ ಪಕ್ಕ ಅರ್ಧ ಗಂಟೆ ಕೂತಿದ್ದಳು.

"ಯಾರೂ ಕದ್ದಿಲ್ಲ ಸಾರ್. ಆ ದಿನ ನನಗೆ ನೆನಪಿದೆ. ಹಾಕಿದ್ದು ನಾನೇ."

"ನೀವೇ ಮಾಡಿದ್ದಾ ಅದನ್ನ?"

"ಮಾಡಿದ್ದು ನಾನಲ್ಲ. ಕೊಟ್ಟರು, ಹಾಕಿದೆ. ತೆಗೆದು ನೋಡಲಿಲ್ಲ."

"ಯಾರು ಕೊಟ್ಟಿದ್ದು?"

ಅವಳು ಉತ್ತರ ಕೊಡುವ ಮೊದಲೇ ಮುದ್ರೆಯವರ ಕಣ್ಣು ಪರದೆಯ ಮೂಲೆಗೆ ಹೋಯಿತು. ವರದಿ ಪ್ರಕಟವಾಗಲು ಇನ್ನು ಏಳು ನಿಮಿಷ ಎಂದು ಅಲ್ಲಿ ಬರೆದಿತ್ತು.

"ಇದೂ ತಾನಾಗೇ ಹೋಗುತ್ತಾ?"

"ಹೋಗುತ್ತೆ."

ಮುದ್ರೆಯವರು ಕುರ್ಚಿಯಿಂದ ಇಳಿದು ಹತ್ತಿರ ಬಂದರು. ಈಗ ಅವರ ದನಿಯಲ್ಲಿ ಕೋಪವಿರಲಿಲ್ಲ. "ನೋಡಿಮ್ಮ, ನಾನು ನಿಮ್ಮ ಅಣ್ಣನ ಹಾಗೆ ಅಂತ ತಿಳ್ಕೊಂಡು ಹೇಳ್ತೀನಿ, ಕೇಳಿ. ಪ್ಲಗ್ ಕಿತ್ತುಬಿಡೋಣ. ಯಾವುದೋ ಸಲಕರಣೆ ಕೆಟ್ಟಿತ್ತು, ಯಾರ ತಪ್ಪೂ ಅಲ್ಲ ಅಂತ ಸಮಿತಿಗೆ ನಾನೇ ಹೇಳ್ತೀನಿ. ನಿಮ್ಮ ಮೈದುನ ಉಳ್ಕೋತಾನೆ. ನಾನೂ ಉಳ್ಕೋತೀನಿ. ನಿಮ್ಮ ಹೆಸರೂ ಹೊರಗೆ ಬರಲ್ಲ."

ಮೈದುನ ತಲೆ ತಗ್ಗಿಸಿ ನಿಂತಿದ್ದ. ಅವನೂ ಅದನ್ನೇ ಬಯಸುತ್ತಿದ್ದಾನೆ ಎಂದು ಅವಳಿಗೆ ಕಂಡಿತು. ತನಗಾಗಿ ಅಲ್ಲ, ಅವಳಿಗಾಗಿ. ಅದು ಅವಳಿಗೆ ಇನ್ನೂ ಕಷ್ಟವಾಯಿತು. ಒಂದು ಗಳಿಗೆ ಅವಳಿಗೂ ಆಸೆ ಹುಟ್ಟಿತು. ಹುಟ್ಟಲಿಲ್ಲ ಎಂದರೆ ಸುಳ್ಳಾದೀತು.

"ಡಬ್ಬಿ ಪುಟದಲ್ಲಿ ಇನ್ನೂ ಇದೆ ಸಾರ್," ಎಂದಳು. "ಅದರಿಂದ ಕಟ್ಟಿದ ಫೈಲು ನಲವತ್ತು ಆಸ್ಪತ್ರೆಯ ಪಂಪುಗಳಲ್ಲಿದೆ. ಸಲಕರಣೆ ಕೆಟ್ಟಿತ್ತು ಅಂತ ಮೆತ್ತಗೆ ಹೇಳಿದ್ರೆ ಯಾರು ಪಂಪು ನಿಲ್ಲಿಸ್ತಾರೆ? ನಾಳೆ ಇನ್ನೊಬ್ಬರ ಮೈಗೆ ಹೀಗೇ ಸುರಿದ್ರೆ ಆಗ ಯಾರ ಪ್ಲಗ್ ಕೀಳೋಣ?"

"ನಿಮ್ಮನ್ನ ಜೈಲಿಗೆ ಹಾಕ್ತಾರಮ್ಮ."

"ಹಾಕ್ಲಿ. ಏನು ನಡೀತು ಅಂತ ಅಲ್ಲೂ ಬಾಯಿ ಬಿಟ್ಟು ಹೇಳ್ತೀನಿ."

ಮುದ್ರೆಯವರ ಕೈ ಗೋಡೆಯ ಕಡೆ ಹೋಯಿತು. ಜರಡಿ ಎದ್ದು ಹೋಗಿ ಪ್ಲಗ್ಗಿಗೆ ಬೆನ್ನು ಕೊಟ್ಟು ನಿಂತಳು. ಐದಡಿಯ ಹೆಂಗಸು, ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿದಳು. ಅವಳನ್ನು ಪಕ್ಕಕ್ಕೆ ಸರಿಸುವ ಧೈರ್ಯ ಕನ್ನಡಕದ ಅಂಗಡಿಯವರಿಗೆ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಮೈದುನನೂ ಬಂದು ಅವಳ ಪಕ್ಕದಲ್ಲಿ ನಿಂತ. ಇಪ್ಪತ್ತು ವರ್ಷದಲ್ಲಿ ಅವರಿಬ್ಬರೂ ಒಂದೇ ಕಡೆ ನಿಂತದ್ದು ಅದೇ ಮೊದಲು.

ಏಳು ನಿಮಿಷ ಕಳೆಯಿತು. ಪರದೆಯ ಮೂಲೆಯಲ್ಲಿ ಪ್ರಕಟವಾಯಿತು ಎಂದು ಮೂಡಿತು.

ಮೇಲೆ ಕುರ್ಚಿಗಳ ಸದ್ದು ಒಮ್ಮೆಲೇ ನಿಂತುಹೋಯಿತು. ಎಲ್ಲರ ಫೋನಿಗೂ ಒಟ್ಟಿಗೆ ಸುದ್ದಿ ಹೋಗಿರಬೇಕು. ಇನ್ನೊಂದು ನಿಮಿಷಕ್ಕೆ ಜರಡಿಯ ಫೋನು ಹೊಡೆದುಕೊಂಡಿತು.

"ನೋಡಿದೆ ಕಣಮ್ಮ." ಮೇಷ್ಟ್ರ ದನಿ ಕ್ಲಾಸಿನಲ್ಲಿ ಇರುತ್ತಿದ್ದಷ್ಟೇ ಮೆತ್ತಗಿತ್ತು. "ನಿನ್ನ ವರದಿ ನೋಡಿದೆ. ತುಂಬ ಬೇಜಾರಾಯ್ತು."

"ನನಗೂ ಆಯ್ತು ಸಾರ್."

"ಇಲ್ಲಿ ಎಲ್ಲರೂ ಒಂದೊಂದು ಮಾತಾಡ್ತಿದಾರೆ. ನಾನು ನಿನ್ನ ಪರವಾಗೇ ನಿಲ್ತೀನಿ. ಗೊತ್ತಿಲ್ಲದೆ ಆದ ತಪ್ಪು ಅಂತೀನಿ. ನೀನು ಒಳ್ಳೆಯವಳು, ನನಗೆ ಗೊತ್ತು. ಒಂದು ವಿಷಯ ಮಾತ್ರ ಸ್ಪಷ್ಟ ಆಗಬೇಕು. ಅದನ್ನ ಹಾಕಿದ ದಿನ ಆ ರೂಮಲ್ಲಿ ನೀನೊಬ್ಬಳೇ ಇದ್ದೆ, ಅಲ್ವಾ?"

ಜರಡಿ ಫೋನನ್ನು ಕಿವಿಯಿಂದ ತೆಗೆದು ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟಳು. ಮುದ್ರೆಯವರೂ ಮೈದುನನೂ ಬಗ್ಗಿ ಕೇಳಿದರು.

ಏಳು ತಿಂಗಳ ಹಿಂದಿನ ಆ ಬೆಳಿಗ್ಗೆ ಮೇಷ್ಟ್ರು ಒಬ್ಬರೇ ಬಂದಿದ್ದರು. ಜೇಬಿನಿಂದ ಪೆನ್‌ಡ್ರೈವ್ ತೆಗೆದು ಅವಳ ಅಂಗೈಯಲ್ಲಿಟ್ಟು, ಹಳೇ ಸಲಕರಣೆ ತುಂಬ ನಿಧಾನ ಕಣಮ್ಮ, ಇದನ್ನ ಹಾಕು, ನಾನೇ ನೋಡಿದ್ದೀನಿ ಎಂದಿದ್ದರು. ನಾನೇ ನೋಡಿದ್ದೀನಿ ಎಂದ ಮೇಲೆ ಅವಳು ನೋಡಲಿಲ್ಲ. ಅಕ್ಷರ ಕಲಿಸಿದವರು ಕೊಟ್ಟದ್ದನ್ನು ಸೋಸಿ ನೋಡುವುದು ಅವಳ ತಲೆಗೇ ಬಂದಿರಲಿಲ್ಲ.

"ಇಲ್ಲ ಸಾರ್," ಎಂದಳು. "ಇಬ್ಬರಿದ್ವಿ. ಇನ್ನೊಬ್ಬರು ಯಾರು ಅಂತ ಮೇಲೆ ಬಂದು ಎಲ್ಲರ ಎದುರಿಗೇ ಹೇಳ್ತೀನಿ. ನಾನು ಬರೋ ತನಕ ನೀವು ಅಧ್ಯಕ್ಷರ ಕುರ್ಚಿ ಬಿಟ್ಟು ಏಳಬೇಡಿ."

ಮುದ್ರೆಯವರು ಬಾಯಿಗೆ ಕೈ ಅಡ್ಡ ಹಿಡಿದರು. ಫೋನಿನ ಆ ಕಡೆ ಬಾಗಿಲು ಮುಚ್ಚಿದ ಸದ್ದಾಯಿತು. ಮೇಷ್ಟ್ರು ಬೇರೆ ಕೋಣೆಗೆ ಹೋದರು ಅನ್ನಿಸಿತು.

"ಮೊದಲನೇ ಕ್ಲಾಸಿನಲ್ಲೇ ನಾನು ನಿನಗೆ ಹೇಳಿಕೊಟ್ಟಿದ್ದೇನಮ್ಮ?" ಎಂದರು ಅವರು ಅದೇ ಮೆತ್ತನೆಯ ದನಿಯಲ್ಲಿ. "ದಾಖಲೆ ಇಲ್ಲದ್ದು ನಡೆದೇ ಇಲ್ಲ. ನಿನ್ನ ಹೆಸರಿಗೆ ದಾಖಲೆ ಇದೆ. ಆ ಇನ್ನೊಬ್ಬರ ಹೆಸರಿಗೆ ಏನಿದೆ?"

ಕರೆ ಕಡಿದುಹೋಯಿತು. ಪೆನ್‌ಡ್ರೈವನ್ನು ಅವತ್ತೇ ಅವರ ಕೈಗೆ ವಾಪಸು ಕೊಟ್ಟಿದ್ದಳು, ಅವಳ ಹತ್ತಿರ ಏನೂ ಇರಲಿಲ್ಲ. ಜರಡಿ ಎರಡು ಬೆರಳಚ್ಚಿನ ಚೀಟಿಯನ್ನು ಮೈದುನನ ಕೈಯಲ್ಲಿಟ್ಟು, ಯಂತ್ರ ಕಾಯ್ತಾ ಇರು ಎಂದು ಹೇಳಿ, ಬರಿಗೈಯಲ್ಲಿ ಮೆಟ್ಟಿಲು ಹತ್ತತೊಡಗಿದಳು.